ಸಮುದ್ರನೀರಿನ ಅಕ್ವೇರಿಯಂ ಹಾಗೂ ರೆಫ್ಯೂಜಿಯಂ ಸಂಪ್ ಸ್ಥಾಪನೆ: ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲ್ಲೂಕುಗಳಲ್ಲಿ ಮನೆ, ಶಾಲೆ, ವಸತಿಗೃಹ ಮುಂತಾದ ಸ್ಥಳಗಳಲ್ಲಿ ಸಮುದ್ರನೀರಿನ ಅಕ್ವೇರಿಯಂ ಸ್ಥಾಪಿಸಲು ಇಚ್ಛಿಸುವವರ ಹಾಗೂ ಅಲಂಕಾರಿಕ ಮೀನು ಸಾಕಣೆ ಘಟಕಕ್ಕೆ ಸಹಾಯಧನ ಕೋರಿ ಅರ್ಜಿ ಸಲ್ಲಿಸಲು ಉದ್ದೇಶಿಸಿರುವವರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಹವಳದ ದಿಬ್ಬದ ಮಾದರಿಯಲ್ಲಿ ರಚಿಸುವ ಅಕ್ವೇರಿಯಂ ಅನ್ನು ಸಾಮಾನ್ಯವಾಗಿ ರೀಫ್ ಅಕ್ವೇರಿಯಂ ಎಂದು ಕರೆಯುತ್ತಾರೆ. ಇದಕ್ಕೆ ಸಂಬಂಧಿಸಿದ ಪುಸ್ತಕಗಳು ಹಾಗೂ ಚಿತ್ರಗಳು ಬಹುತೇಕ ಹೊರದೇಶಗಳಿಂದ ಬಂದವುಗಳಾಗಿದ್ದು, ಅವುಗಳಲ್ಲಿ ತೋರಿಸಿರುವ ಎಲ್ಲವನ್ನೂ ಭಾರತದಲ್ಲಿ ಇಟ್ಟುಕೊಳ್ಳಲು ಕಾನೂನಿನ ಅವಕಾಶವಿರುವುದಿಲ್ಲ. ಆದ್ದರಿಂದ ತೊಟ್ಟಿ ಖರೀದಿಸುವ ಮುನ್ನವೇ ಕೆಳಗಿನ ವಿವರಗಳನ್ನು ಓದಿಕೊಳ್ಳಬೇಕಾಗಿ ಕೋರಲಾಗಿದೆ.

ಹವಳಕ್ಕೆ ಸಂಬಂಧಿಸಿದ ಕಾನೂನು

ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಅನುಸೂಚಿ 1ಕ್ಕೆ ಕೇಂದ್ರ ಸರ್ಕಾರವು 2001ನೇ ಸಾಲಿನಲ್ಲಿ ದಿಬ್ಬ ಕಟ್ಟುವ ಎಲ್ಲ ಶಿಲಾ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ ಹಾಗೂ ಸಮುದ್ರ ಬೀಸಣಿಗೆಗಳನ್ನು ಸೇರಿಸಿತು. ಹುಲಿ ಮತ್ತು ಆನೆಗೆ ಇರುವ ಮಟ್ಟದ ರಕ್ಷಣೆ ಅಂದಿನಿಂದ ಹವಳಕ್ಕೂ ದೊರೆತಿದೆ. 2022ರ ತಿದ್ದುಪಡಿಯ ಮೂಲಕ ಅನುಸೂಚಿಗಳನ್ನು ಪುನರ್ರಚಿಸಲಾಗಿದ್ದು, ಅದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಹವಳದ ರಕ್ಷಣೆಯು ಆ ನಂತರವೂ ಮುಂದುವರಿದಿರುತ್ತದೆ. ಕಡಲಕುದುರೆ, ಸಮುದ್ರ ಸೌತೆ ಹಾಗೂ ದೈತ್ಯ ಕಪ್ಪೆಚಿಪ್ಪಿನಂತಹ ಜೀವಿಗಳೂ ಈ ಕಾಯ್ದೆಯಡಿ ಸಂರಕ್ಷಿತವಾಗಿವೆ.

ಜೀವಂತ ಹವಳವನ್ನು ಮಾತ್ರವಲ್ಲದೆ ಸತ್ತ ಹವಳದ ತುಂಡನ್ನು ಸಂಗ್ರಹಿಸುವುದು, ಮಾರುವುದು ಹಾಗೂ ಇಟ್ಟುಕೊಳ್ಳುವುದೂ ಅಪರಾಧವಾಗುತ್ತದೆ. ವ್ಯಾಪಾರಿಗಳು "ಲೈವ್ ರಾಕ್" ಎಂಬ ಹೆಸರಿನಲ್ಲಿ ಮಾರುವ ಕಲ್ಲು ಹೆಚ್ಚಿನ ಸಂದರ್ಭಗಳಲ್ಲಿ ಹಳೆಯ ಹವಳದ ಅಸ್ಥಿಪಂಜರವೇ ಆಗಿರುತ್ತದೆ. ಅನುಸೂಚಿ 1ರ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗೆ ಕಾರಾಗೃಹ ವಾಸ ಹಾಗೂ ರೂ. 25,000ಕ್ಕೆ ಕಡಿಮೆಯಿಲ್ಲದ ದಂಡವನ್ನು ವಿಧಿಸಲು ಅವಕಾಶವಿದೆ. ಕಾಯ್ದೆಯ ಕಲಂ 57ರ ಪ್ರಕಾರ, ಇಂತಹ ವಸ್ತುವು ಒಬ್ಬರ ಸ್ವಾಧೀನದಲ್ಲಿತ್ತೆಂದು ಸ್ಥಾಪಿತವಾದಲ್ಲಿ ಅದು ಕಾನೂನುಬದ್ಧ ಸ್ವಾಧೀನವೆಂದು ರುಜುವಾತುಪಡಿಸುವ ಹೊಣೆ ಆ ವ್ಯಕ್ತಿಯದೇ ಆಗಿರುತ್ತದೆ. "ಅಂಗಡಿಯವರು ಕೊಟ್ಟರು, ನನಗೆ ತಿಳಿದಿರಲಿಲ್ಲ" ಎಂಬ ಉತ್ತರದಿಂದ ಪ್ರಯೋಜನವಾಗುವುದಿಲ್ಲ.

ಹೊರದೇಶದಿಂದ ತರಿಸಿದ ಹವಳಕ್ಕೆ ತೊಂದರೆಯಿಲ್ಲ ಎಂಬ ಮಾತೂ ಪ್ರಚಾರದಲ್ಲಿದೆ. ಎಲ್ಲ ಶಿಲಾ ಹವಳಗಳು ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ಅನುಬಂಧ 2ರಲ್ಲಿ ಸೇರಿದ್ದು, ಪರವಾನಗಿ ಇಲ್ಲದೆ ಗಡಿ ದಾಟುವಂತಿಲ್ಲ. 2024ರ ಫೆಬ್ರವರಿಯಲ್ಲಿ ಪ್ರಕಟವಾದ ಜೀವಂತ ಪ್ರಾಣಿ ಪ್ರಭೇದಗಳ ನೋಂದಣಿ ನಿಯಮಗಳ ಅನ್ವಯ ಪರಿವೇಶ್ ಜಾಲತಾಣದಲ್ಲಿ ನಡೆಯುವ ನೋಂದಣಿಯು ಅನುಸೂಚಿ 4ರ ಪ್ರಾಣಿಗಳಿಗೆ ಮಾತ್ರ ಸಂಬಂಧಿಸಿದೆ. ಅನುಸೂಚಿ 1ರ ಹವಳವನ್ನು ಸಕ್ರಮಗೊಳಿಸಿಕೊಳ್ಳಲು ಅದು ಮಾರ್ಗವಲ್ಲ.

ಬೈಂದೂರಿನಿಂದ ಉತ್ತರಕ್ಕೆ, ಮುರ್ಡೇಶ್ವರದ ತೀರದಿಂದ ಸುಮಾರು 19 ಕಿ.ಮೀ. ದೂರದ ಕಡಲಿನಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಜೀವಂತ ಹವಳಗಳಿವೆ. ನಮ್ಮ ರಾಜ್ಯದ ಕಡಲಿನಲ್ಲಿ ಹವಳವನ್ನು ಕಣ್ಣಾರೆ ನೋಡಬಹುದಾದ ಸ್ಥಳಗಳು ಬಹಳ ಕಡಿಮೆ. ಅಲ್ಲಿಗೆ ಮುಳುಗು ಈಜಿಗೆ ಹೋಗುವವರು ಅಂಗೈಯಗಲದ ಒಂದು ತುಂಡನ್ನು ತಂದರೂ ಅದು ಬೆಳೆಯಲು ಹಿಡಿದ ವರ್ಷಗಳನ್ನು ಯಾವ ತೊಟ್ಟಿಯಲ್ಲಿಯೂ ಮರಳಿ ಪಡೆಯಲಾಗದು. ಶಂಕಾಸ್ಪದ ಮಾರಾಟ ಕಂಡುಬಂದಲ್ಲಿ ಸಾರ್ವಜನಿಕರು ಕುಂದಾಪುರ ಅರಣ್ಯ ವಿಭಾಗದ ಹತ್ತಿರದ ವಲಯ ಕಚೇರಿಗೆ ತಿಳಿಸಬಹುದಾಗಿದೆ.

ಹಾಗಾದರೆ ಉಳಿಯುವುದೇನು ಎಂಬುದು ಸಹಜವಾದ ಪ್ರಶ್ನೆ. ಅನುಸೂಚಿಗಳಲ್ಲಿ ಸೇರದ ಮೀನುಗಳು, ಕೃತಕ ಕಲ್ಲು, ಕಡಲ ಪಾಚಿ ಹಾಗೂ ಸಣ್ಣ ಜೀವಿಗಳನ್ನು ಒಳಗೊಂಡ ಸಮುದ್ರನೀರಿನ ತೊಟ್ಟಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದನ್ನು ಈ ಕಾಯ್ದೆ ನಿಷೇಧಿಸುವುದಿಲ್ಲ. ಹವಳವಿಲ್ಲದ ತೊಟ್ಟಿಯು ಖರ್ಚಿನಲ್ಲಿಯೂ ನಿರ್ವಹಣೆಯಲ್ಲಿಯೂ ಸುಲಭವಾಗಿರುತ್ತದೆ ಎಂಬುದನ್ನು ಮುಂದೆ ವಿವರಿಸಲಾಗಿದೆ.

ರೆಫ್ಯೂಜಿಯಂ ಎಂದರೇನು

ಪ್ರದರ್ಶನ ತೊಟ್ಟಿಯ ಕೆಳಗೆ ಇಡುವ ಎರಡನೆಯ ತೊಟ್ಟಿಯನ್ನು ಸಂಪ್ ಎನ್ನುತ್ತಾರೆ. ಮೇಲಿನ ತೊಟ್ಟಿಯ ನೀರು ತುಂಬಿ ಇದಕ್ಕೆ ಇಳಿಯುತ್ತದೆ, ಶುದ್ಧಗೊಂಡು ಪಂಪ್ ಮೂಲಕ ಮೇಲೆ ಹೋಗುತ್ತದೆ. ಸಂಪ್‌ನ ಒಂದು ಭಾಗದಲ್ಲಿ ಮೀನುಗಳಿಗೆ ಪ್ರವೇಶವಿಲ್ಲದಂತೆ ತಡೆ ಇಟ್ಟು ಕಡಲ ಪಾಚಿಯನ್ನು ಬೆಳೆಸಿದಲ್ಲಿ ಆ ಭಾಗವನ್ನು ರೆಫ್ಯೂಜಿಯಂ, ಅಂದರೆ ಆಶ್ರಯ ಕೋಣೆ ಎಂದು ಕರೆಯಲಾಗುತ್ತದೆ. ಮೀನಿಗೆ ಆಹಾರವಾಗುವ ಸೂಕ್ಷ್ಮ ಸಿಗಡಿ ಜಾತಿಯ ಜೀವಿಗಳು ಇಲ್ಲಿ ಮೀನಿನ ಬಾಯಿಗೆ ಸಿಗದೆ ವೃದ್ಧಿಯಾಗುವುದರಿಂದ ಈ ಹೆಸರು ಬಂದಿದೆ.

ಈ ಮೂರು ತಾಲ್ಲೂಕುಗಳ ಜನರಿಗೆ ಈ ವ್ಯವಸ್ಥೆ ಹೊಸದೇನಲ್ಲ. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ನದಿಗಳು ಸೇರುವ ಪಂಚಗಂಗಾವಳಿಯ ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಮೀನಿನ ಮರಿಗಳು ಅಡಗಿ ಬೆಳೆಯುತ್ತವೆ. ಊರಿನಿಂದ ಹರಿದುಬಂದ ಸಾರವನ್ನು ಅಲ್ಲಿನ ಸಸ್ಯಗಳು ಹೀರಿಕೊಳ್ಳುತ್ತವೆ. ಅಳಿವೆಯು ಕಡಲಿಗೆ ಮಾಡುವ ಕೆಲಸವನ್ನೇ ಆಶ್ರಯ ಕೋಣೆಯು ತೊಟ್ಟಿಗೆ ಮಾಡುತ್ತದೆ.

ಕಾರ್ಯವಿಧಾನ ಹೀಗಿದೆ. ಮೀನಿನ ಮಲಮೂತ್ರ ಹಾಗೂ ಉಳಿದ ಆಹಾರದಿಂದ ಅಮೋನಿಯಾ ಉಂಟಾಗುತ್ತದೆ. ಕಲ್ಲು ಮತ್ತು ಮರಳಿನ ಮೇಲೆ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ, ಅನಂತರ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮೊದಲೆರಡು ಮೀನಿಗೆ ವಿಷ. ನೈಟ್ರೇಟ್ ಅಷ್ಟು ವಿಷವಲ್ಲದಿದ್ದರೂ ತಾನಾಗಿ ಹೋಗದೆ ಶೇಖರವಾಗುತ್ತದೆ. ಪಾಚಿಯು ನೈಟ್ರೇಟ್ ಮತ್ತು ಫಾಸ್ಫೇಟನ್ನು ಹೀರಿ ಬೆಳೆಯುತ್ತದೆ. ಬೆಳೆದ ಪಾಚಿಯನ್ನು ಕತ್ತರಿಸಿ ಹೊರಗೆ ತೆಗೆದಾಗಲೇ ಆ ಸಾರವು ತೊಟ್ಟಿಯಿಂದ ಹೊರಹೋದಂತಾಗುತ್ತದೆ. ಪಾಚಿಯನ್ನು ಬೆಳೆಸಿ ಕೊಯ್ಯದೆ ಬಿಡುವವರಿಗೆ ಈ ವ್ಯವಸ್ಥೆಯಿಂದ ಲಾಭವಿಲ್ಲ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಿಜ್ಞಾನಿ ವಾಲ್ಟರ್ ಆಡೀ ಅವರು 1980ರ ದಶಕದಲ್ಲಿ ಪಾಚಿಯಿಂದಲೇ ದೊಡ್ಡ ತೊಟ್ಟಿಗಳ ನೀರನ್ನು ಶುದ್ಧೀಕರಿಸಿ ತೋರಿಸಿದ ನಂತರ ಈ ವಿಧಾನಕ್ಕೆ ಪ್ರಚಾರ ದೊರೆಯಿತು.

ಸ್ಥಳ ಹಾಗೂ ಅಳತೆ

ಆರಂಭಿಕರಿಗೆ 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ, 10 ಮಿ.ಮೀ. ದಪ್ಪದ ಗಾಜಿನ ತೊಟ್ಟಿ ಸೂಕ್ತ. 40 ಸೆಂ.ಮೀ. ಮಟ್ಟಕ್ಕೆ ತುಂಬಿದಲ್ಲಿ ಇದು 216 ಲೀಟರ್ ನೀರನ್ನು ಹಿಡಿಯುತ್ತದೆ. ಇದಕ್ಕಿಂತ ಸಣ್ಣ ತೊಟ್ಟಿ ಅಗ್ಗವೆಂದು ತೋರಿದರೂ ನೀರಿನ ಗುಣ ಬೇಗನೆ ಏರುಪೇರಾಗುವುದರಿಂದ ಹೊಸಬರಿಗೆ ಅದೇ ಹೆಚ್ಚು ಕಷ್ಟ. ನೀರು, ಗಾಜು, ಕಲ್ಲು, ಸಂಪ್ ಎಲ್ಲ ಸೇರಿ ಒಟ್ಟು ಭಾರ 400 ಕಿ.ಗ್ರಾಂ. ಮೀರುತ್ತದೆ. ಹಂಚಿನ ಹಳೆಯ ಮನೆಗಳ ಮರದ ಹಲಗೆಯ ಉಪ್ಪರಿಗೆಯ ಮೇಲೆ ಇದನ್ನು ಇಡಕೂಡದು. ಕಬ್ಬಿಣದ ಚೌಕಟ್ಟಾದಲ್ಲಿ ಎಪಾಕ್ಸಿ ಬಣ್ಣ ಬಳಿದಿರಬೇಕು. ಕಡಲ ಗಾಳಿಗೇ ಕಿಟಕಿಯ ಸರಳು ತುಕ್ಕು ಹಿಡಿಯುವ ಪ್ರದೇಶದಲ್ಲಿ ಉಪ್ಪುನೀರಿನ ಹನಿಗೆ ಚೌಕಟ್ಟು ಎಷ್ಟು ಕಾಲ ತಾಳೀತೆಂದು ಬೇರೆ ಹೇಳಬೇಕಾಗಿಲ್ಲ.

ಸಂಪ್‌ಗೆ 90 × 40 × 40 ಸೆಂ.ಮೀ. ಅಳತೆ ಸಾಕಾಗುತ್ತದೆ. ಇದನ್ನು ಗಾಜಿನ ಅಡ್ಡಗೋಡೆಗಳಿಂದ ಮೂರು ಕೋಣೆಗಳಾಗಿ ವಿಭಾಗಿಸಬೇಕು: ಎಡಕ್ಕೆ ಇಳಿನೀರಿನ ಕೋಣೆ 25 ಸೆಂ.ಮೀ., ಬಲಕ್ಕೆ ಆಶ್ರಯ ಕೋಣೆ 40 ಸೆಂ.ಮೀ., ನಡುವೆ ಪಂಪ್ ಕೋಣೆ 25 ಸೆಂ.ಮೀ. ಮೇಲಿನಿಂದ ಬರುವ ಕೊಳವೆಯನ್ನು ಎರಡಾಗಿ ಕವಲೊಡೆಸಿ, ಹೆಚ್ಚಿನ ನೀರು ಎಡಕ್ಕೂ ಸುಮಾರು ನಾಲ್ಕನೇ ಒಂದು ಭಾಗ ಬಲಕ್ಕೂ ಹೋಗುವಂತೆ ವಾಲ್ವ್ ಅಳವಡಿಸಿದಲ್ಲಿ ಆಶ್ರಯ ಕೋಣೆಯಲ್ಲಿ ನೀರು ನಿಧಾನವಾಗಿ ಹರಿಯುತ್ತದೆ. ಎರಡೂ ಕಡೆಯ ನೀರು ನಡುವಿನ ಕೋಣೆಗೆ ಬಿದ್ದು ಪಂಪ್ ಮೂಲಕ ಮೇಲೇರುತ್ತದೆ. ಗಂಟೆಗೆ 1000ದಿಂದ 1500 ಲೀಟರ್ ಎತ್ತುವ ಪಂಪ್ ಸಾಕು. ಪಂಪ್‌ನ ಪೆಟ್ಟಿಗೆಯ ಮೇಲೆ ಬರೆದ ಪ್ರಮಾಣವು ಎತ್ತರಕ್ಕೆ ಏರಿಸುವಾಗ ಕಡಿಮೆಯಾಗುತ್ತದೆ ಎಂಬುದನ್ನು ಗಮನಿಸಬೇಕು. ಇಳಿನೀರಿನ ಕೋಣೆಯಲ್ಲಿ ಪ್ರೋಟೀನ್ ಸ್ಕಿಮ್ಮರ್ ಎಂಬ ನೊರೆಯಂತ್ರವನ್ನು ಇಡಬಹುದು. ಮೀನಿನ ಸಂಖ್ಯೆ ಕಡಿಮೆಯಿದ್ದು ಪಾಚಿ ಚೆನ್ನಾಗಿ ಬೆಳೆಯುತ್ತಿದ್ದಲ್ಲಿ ಅದು ಅನಿವಾರ್ಯವಲ್ಲ.

ವಿದ್ಯುತ್ ನಿಲುಗಡೆಯ ಲೆಕ್ಕವನ್ನು ನಿರ್ಮಾಣಕ್ಕೆ ಮುಂಚೆಯೇ ಮಾಡಿಕೊಳ್ಳತಕ್ಕದ್ದು. ಪಂಪ್ ನಿಂತ ಕೂಡಲೇ ಮೇಲಿನ ತೊಟ್ಟಿಯ ನೀರು ಎರಡೂ ಕೊಳವೆಗಳ ಮೂಲಕ ಕೆಳಗೆ ಬರುತ್ತದೆ. ಮೇಲೇರುವ ಕೊಳವೆಯ ಬಾಯಿ ನೀರಿನಲ್ಲಿ 5 ಸೆಂ.ಮೀ. ಮುಳುಗಿದ್ದಲ್ಲಿ 120 × 45 × 5 ಲೆಕ್ಕದಂತೆ 27 ಲೀಟರ್, ಕೊಳವೆಯಲ್ಲಿರುವುದು ಸೇರಿ ಸುಮಾರು 30 ಲೀಟರ್ ನೀರು ಸಂಪ್‌ಗೆ ಇಳಿಯುತ್ತದೆ. ಸಂಪ್‌ನಲ್ಲಿ ಅಷ್ಟು ಜಾಗ ಖಾಲಿ ಇಲ್ಲದಿದ್ದಲ್ಲಿ ಉಪ್ಪುನೀರು ನೆಲಕ್ಕೆ ಹರಿಯುತ್ತದೆ. ಸಂಪ್ ಅನ್ನು 22 ಸೆಂ.ಮೀ. ಸರಾಸರಿ ಮಟ್ಟದಲ್ಲಿ ನಡೆಸಿದಲ್ಲಿ 60 ಲೀಟರಿಗೂ ಅಧಿಕ ಜಾಗ ಉಳಿಯುತ್ತದೆ. ಮೇಲೇರುವ ಕೊಳವೆಯಲ್ಲಿ ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಒಂದು ಸಣ್ಣ ರಂಧ್ರ ಕೊರೆದಲ್ಲಿ ಗಾಳಿ ಸೇರಿ ಹಿಮ್ಮುಖ ಹರಿವು ಬೇಗನೆ ನಿಲ್ಲುತ್ತದೆ. ಆ ರಂಧ್ರದಲ್ಲಿ ಪಾಚಿ ಕಟ್ಟಿಕೊಳ್ಳುವುದು ಸಾಮಾನ್ಯವಾದ್ದರಿಂದ ವಾರಕ್ಕೊಮ್ಮೆ ಸ್ವಚ್ಛಗೊಳಿಸಬೇಕು. ತೊಟ್ಟಿಗೆ ಮೀನು ಬಿಡುವ ಮೊದಲು ಪಂಪ್‌ನ ಸ್ವಿಚ್ ಆರಿಸಿ ಒಮ್ಮೆ ಪರೀಕ್ಷಿಸುವುದು ಕಡ್ಡಾಯವೆಂದೇ ತಿಳಿಯುವುದು.

ನೀರು

ಕಡಲು ಮನೆಯ ಮುಂದೆಯೇ ಇರುವವರಿಗೆ ನೀರಿನ ಚಿಂತೆ ಇಲ್ಲವೆಂಬುದು ತಪ್ಪು ತಿಳುವಳಿಕೆ. ಗಂಗೊಳ್ಳಿ ಬಂದರಿನ ನೀರಿನಲ್ಲಿ ದೋಣಿಗಳ ಡೀಸೆಲ್ ಮತ್ತು ಎಣ್ಣೆಯ ಅಂಶವಿರುತ್ತದೆ. ಪಂಚಗಂಗಾವಳಿ, ಸೀತಾ ಮತ್ತು ಸ್ವರ್ಣಾ ನದಿಗಳು ಸೇರುವ ಕೋಡಿ ಬೆಂಗ್ರೆ ಮುಂತಾದ ಅಳಿವೆಗಳಲ್ಲಿ ಉಪ್ಪಿನ ಪ್ರಮಾಣವು ಉಬ್ಬರ ಇಳಿತಕ್ಕೆ ತಕ್ಕಂತೆ ಪ್ರತಿದಿನವೂ ಬದಲಾಗುತ್ತದೆ. ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ತೀರದ ನೀರು ಕೆಸರಾಗಿಯೂ ಸಪ್ಪೆಯಾಗಿಯೂ ಇದ್ದು, ಕಡಲಿಗೆ ಇಳಿಯುವುದೂ ಅಪಾಯಕರ. ಆದ್ದರಿಂದ ಡಿಸೆಂಬರ್‌ನಿಂದ ಮೇ ತಿಂಗಳ ಒಳಗೆ, ನದೀಮುಖ ಹಾಗೂ ಬಂದರುಗಳಿಂದ ದೂರವಿರುವ ತೆರೆದ ತೀರದಲ್ಲಿ, ತುಂಬು ಉಬ್ಬರದ ಸಮಯದಲ್ಲಿ ತಿಳಿಯಾದ ನೀರನ್ನು ಮಾತ್ರ ಸಂಗ್ರಹಿಸಬೇಕು.

ಸಂಗ್ರಹಿಸಿದ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಆಹಾರದರ್ಜೆಯ ಪ್ಲಾಸ್ಟಿಕ್ ಡ್ರಮ್‌ಗಳಲ್ಲಿ ಇಟ್ಟು ರೋಗಾಣುಮುಕ್ತಗೊಳಿಸಬೇಕು. ಮರಿ ಉತ್ಪಾದನಾ ಕೇಂದ್ರಗಳಲ್ಲಿ ಬಳಕೆಯಲ್ಲಿರುವಂತೆ ಲೀಟರಿಗೆ 10 ಮಿ.ಗ್ರಾಂ. ಕ್ಲೋರಿನ್ ಪ್ರಮಾಣ ಸಾಕು. ಶೇಕಡಾ 10ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವಾದಲ್ಲಿ 100 ಲೀಟರ್ ನೀರಿಗೆ 10 ಮಿ.ಲೀ. ಒಂದು ದಿನದ ನಂತರ ಗಾಳಿಯಂತ್ರದಿಂದ ಚೆನ್ನಾಗಿ ಗಾಳಿಯಾಡಿಸಿ, ಕ್ಲೋರಿನ್ ಪರೀಕ್ಷಾ ಕಿಟ್‌ನಲ್ಲಿ ಶೂನ್ಯವೆಂದು ಖಚಿತಪಡಿಸಿಕೊಳ್ಳುವವರೆಗೆ ಬಳಸಕೂಡದು. ಬಚ್ಚಲುಮನೆಯ ತಾಮ್ರದ ಹಂಡೆ, ಹಿತ್ತಾಳೆಯ ನಲ್ಲಿ ಮುಂತಾದವುಗಳ ಸಂಪರ್ಕಕ್ಕೆ ಈ ನೀರು ಬರಕೂಡದು. ಅತಿ ಅಲ್ಪ ಪ್ರಮಾಣದ ತಾಮ್ರವೂ ಸಿಗಡಿ, ಶಂಖದ ಹುಳು ಹಾಗೂ ಆಶ್ರಯ ಕೋಣೆಯ ಸೂಕ್ಷ್ಮ ಜೀವಿಗಳನ್ನು ಕೊಲ್ಲುತ್ತದೆ.

ಕಡಲ ನೀರು ತರಲು ಅನುಕೂಲವಿಲ್ಲದವರು ಅಕ್ವೇರಿಯಂಗಾಗಿ ಸಿದ್ಧಪಡಿಸಿದ ಸಂಯುಕ್ತ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂ. ಪ್ರಮಾಣದಲ್ಲಿ ಕರಗಿಸಿ ಬಳಸಬಹುದು. ಅಡುಗೆಯ ಉಪ್ಪಾಗಲಿ ಮೀನಿಗೆ ಹಾಕುವ ಕಲ್ಲುಪ್ಪಾಗಲಿ ಇದಕ್ಕೆ ಬದಲಿಯಾಗುವುದಿಲ್ಲ, ಏಕೆಂದರೆ ಗದ್ದೆಯಲ್ಲಿ ಉಪ್ಪು ಹರಳಾಗುವಾಗ ಮೆಗ್ನೀಷಿಯಂ ಮೊದಲಾದ ಲವಣಗಳು ಉಳಿಕೆ ನೀರಿನಲ್ಲಿಯೇ ಹೋಗಿಬಿಡುತ್ತವೆ. ಉಪ್ಪು ಕರಗಿಸಲು ಆರ್‌ಓ ಯಂತ್ರದ ನೀರು ಉತ್ತಮ. ಖನಿಜ ಸೇರಿಸುವ ವ್ಯವಸ್ಥೆಯಿರುವ ಮನೆಯ ಯಂತ್ರವಾದಲ್ಲಿ ಆ ಭಾಗವನ್ನು ತಪ್ಪಿಸಿ ನೀರು ಹಿಡಿಯಬೇಕು. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಈ ಭಾಗದಲ್ಲಿ, ಮಳೆ ಹಿಡಿದು ಕೆಲವು ದಿನಗಳಾದ ನಂತರ ಸ್ವಚ್ಛವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ನೇರವಾಗಿ ಸಂಗ್ರಹಿಸಿದ ಮಳೆನೀರೂ ಉಪಯುಕ್ತ. ಸೂರಿನಿಂದ ಇಳಿದ ನೀರು ಬೇಡ. ತೀರದ ಬಾವಿಗಳ ನೀರು ಬೇಸಿಗೆಯಲ್ಲಿ ಸವುಳಾಗುವುದರಿಂದಲೂ ಮುರಕಲ್ಲಿನ ಬಾವಿಗಳಲ್ಲಿ ಕಬ್ಬಿಣದ ಅಂಶವಿರುವ ಸಾಧ್ಯತೆಯಿಂದಲೂ ಪರೀಕ್ಷಿಸದೆ ಬಳಸುವುದು ಸರಿಯಲ್ಲ.

ನೀರಿನ ಸಾಪೇಕ್ಷ ಸಾಂದ್ರತೆ 1.025ರಿಂದ 1.026, ಪಿ.ಹೆಚ್. 8.1ರಿಂದ 8.4, ಅಮೋನಿಯಾ ಮತ್ತು ನೈಟ್ರೈಟ್ ಶೂನ್ಯ ಇರಬೇಕು. ನೀರು ಆವಿಯಾದಾಗ ಉಪ್ಪು ಹಿಂದೆಯೇ ಉಳಿಯುವುದರಿಂದ ಕಡಿಮೆಯಾದ ಮಟ್ಟವನ್ನು ಸಿಹಿನೀರಿನಿಂದಲೇ ತುಂಬಬೇಕು, ಉಪ್ಪುನೀರಿನಿಂದಲ್ಲ. ಈ ಕೆಲಸಕ್ಕೆ ಫ್ಲೋಟ್ ವಾಲ್ವ್ ಬಳಸುವವರು ಅದನ್ನು ಮಹಡಿಯ ಟ್ಯಾಂಕಿಗೆ ನೇರವಾಗಿ ಜೋಡಿಸದೆ 10 ಲೀಟರಿನ ಪ್ರತ್ಯೇಕ ಡಬ್ಬಿಗೆ ಜೋಡಿಸುವುದು ಕ್ಷೇಮ. ವಾಲ್ವ್ ಸಿಕ್ಕಿಕೊಂಡರೂ ತೊಟ್ಟಿಗೆ ಸೇರುವುದು 10 ಲೀಟರ್ ಮಾತ್ರ.

ಕಲ್ಲು ಮತ್ತು ಮರಳು

ಹವಳದ ಕಲ್ಲಿನ ಬದಲಿಗೆ ಸುಟ್ಟ ಜೇಡಿಯ ರಂಧ್ರಯುಕ್ತ ಕೃತಕ ಕಲ್ಲನ್ನಾಗಲಿ, ಸಿಮೆಂಟ್ ಮತ್ತು ಚಿಪ್ಪಿನ ಪುಡಿ ಸೇರಿಸಿ ಎರಕ ಹೊಯ್ದ ಕಲ್ಲನ್ನಾಗಲಿ ಬಳಸಬಹುದು. ಸಿಮೆಂಟ್ ಕಲ್ಲನ್ನು ಪಿ.ಹೆಚ್. ಏರದಿರುವವರೆಗೆ ನೀರು ಬದಲಿಸುತ್ತಾ ಹಲವು ವಾರಗಳ ಕಾಲ ಸಿಹಿನೀರಿನಲ್ಲಿ ನೆನೆಸಿಡಬೇಕು. ನೋಡಲು ರಂಧ್ರಗಳಿರುವುದರಿಂದ ಮುರಕಲ್ಲು ಸೂಕ್ತವೆಂದು ಅನೇಕರು ಭಾವಿಸುತ್ತಾರೆ. ಅದು ಕಬ್ಬಿಣಯುಕ್ತವಾಗಿದ್ದು, ನೀರಿನಲ್ಲಿ ಕ್ರಮೇಣ ಪುಡಿಯಾಗಿ ಕೆಂಪು ಕೆಸರು ಕಟ್ಟುವುದರಿಂದ ಶಿಫಾರಸು ಮಾಡುವುದಿಲ್ಲ.

ಕಡಲತೀರದ ಮರಳನ್ನು ತೆಗೆಯುವುದು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ನಿರ್ಬಂಧಕ್ಕೆ ಒಳಪಟ್ಟಿದೆ. ಅಲ್ಲದೆ ಇಲ್ಲಿನ ಮರಳು ಬಹುಪಾಲು ಸಿಲಿಕಾ ಆಗಿದ್ದು, ನೀರಿನ ಕ್ಷಾರಗುಣವನ್ನು ಕಾಪಾಡಲು ನೆರವಾಗುವುದಿಲ್ಲ. ಆಹಾರಕ್ಕೆ ಬಳಸಿ ಎಸೆದ ಕಪ್ಪೆಚಿಪ್ಪುಗಳನ್ನು ಚೆನ್ನಾಗಿ ಕುದಿಸಿ, ತೊಳೆದು, ಒಣಗಿಸಿ, ಜಜ್ಜಿ, ಜಾಲರಿಯಲ್ಲಿ ಜರಡಿ ಹಿಡಿದ ನುಚ್ಚು ಉತ್ತಮ ಪರ್ಯಾಯ. ಹಿಂದಿನ ಕಾಲದಲ್ಲಿ ಗೋಡೆಗೆ ಬಳಿಯುವ ಸುಣ್ಣವನ್ನು ಸುಡುತ್ತಿದ್ದುದೂ ಇದೇ ಚಿಪ್ಪಿನಿಂದ. ಹವಳ ಸಾಕುವ ದೇಶಗಳಲ್ಲಿ ತಿಳಿಸುಣ್ಣದ ನೀರನ್ನು ಪ್ರತಿದಿನ ತೊಟ್ಟಿಗೆ ಹನಿಸುತ್ತಾರೆ. ಹವಳದ ಅಸ್ಥಿಪಂಜರಕ್ಕೆ ಬೇಕಾದ ಕ್ಯಾಲ್ಸಿಯಂ ಒದಗಿಸುವುದು ಅದರ ಉದ್ದೇಶ. ಹವಳವಿಲ್ಲದ ತೊಟ್ಟಿಗೆ ಆ ಖರ್ಚೂ ಶ್ರಮವೂ ಇರುವುದಿಲ್ಲ. ಎಲೆಅಡಿಕೆಯ ಸುಣ್ಣವನ್ನು ಯಾವ ಕಾರಣಕ್ಕೂ ಹಾಕಕೂಡದು.

ಕಲ್ಲು, ಮರಳು ಮತ್ತು ನೀರು ಸೇರಿಸಿದ ನಂತರ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು 4ರಿಂದ 6 ವಾರಗಳು ಬೇಕಾಗುತ್ತವೆ. ಚಿಟಿಕೆ ಮೀನಿನ ಆಹಾರವನ್ನು ಪ್ರತಿದಿನ ಹಾಕುತ್ತಾ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಏರಿ ಮತ್ತೆ ಶೂನ್ಯಕ್ಕೆ ಬರುವವರೆಗೆ ಕಾಯಬೇಕು. ತೊಟ್ಟಿ ತುಂಬಿದ ವಾರವೇ ಮೀನು ಬಿಟ್ಟು ಕಳೆದುಕೊಂಡವರೇ ಹೆಚ್ಚು.

ಆಶ್ರಯ ಕೋಣೆಯ ಪಾಚಿ

ಕೂದಲಿನ ಸಿಕ್ಕಿನಂತೆ ಬೆಳೆಯುವ ಕೀಟೊಮಾರ್ಫಾ ಎಂಬ ಹಸಿರು ಪಾಚಿಯು ಈ ಕೆಲಸಕ್ಕೆ ಅತ್ಯಂತ ಸೂಕ್ತ. ಅದು ಬೇರೂರುವುದಿಲ್ಲ, ಉಂಡೆಯಾಗಿ ತೇಲುತ್ತದೆ, ಕೈಯಿಂದಲೇ ಅರ್ಧ ಕಿತ್ತು ತೆಗೆಯಬಹುದು. ನೋಡಲು ಅಂದವಾದ ಕಾಲರ್ಪಾ ಜಾತಿಯ ಪಾಚಿಯು ವೇಗವಾಗಿ ಬೆಳೆಯುವುದಾದರೂ ಕೆಲವೊಮ್ಮೆ ಸಂತಾನೋತ್ಪತ್ತಿಯ ಸಮಯದಲ್ಲಿ ಒಂದೇ ದಿನದಲ್ಲಿ ಬಿಳುಚಿ ಕರಗಿ, ತಾನು ಹೀರಿದ್ದ ಸಾರವನ್ನೆಲ್ಲ ನೀರಿಗೆ ಬಿಟ್ಟುಬಿಡುತ್ತದೆ. ಹೊಸಬರು ಅದರಿಂದ ದೂರವಿರುವುದು ಒಳಿತು.

ಕೆಲವರು ಆಶ್ರಯ ಕೋಣೆಯಲ್ಲಿ ಕಾಂಡ್ಲಾ ಸಸಿ ನೆಡುತ್ತಾರೆ. ಕಾಂಡ್ಲಾ ವನಗಳು ಕರಾವಳಿ ನಿಯಂತ್ರಣ ವಲಯದಲ್ಲಿ ಅತ್ಯಂತ ಸೂಕ್ಷ್ಮ ವರ್ಗಕ್ಕೆ ಸೇರಿದ್ದು, ಕುಂದಾಪುರದ ಕಾಂಡ್ಲಾ ಪ್ರದೇಶವು ಸಂರಕ್ಷಣೆಗಾಗಿ ಕೇಂದ್ರ ಸರ್ಕಾರ ಗುರುತಿಸಿರುವ ಪಟ್ಟಿಯಲ್ಲಿದೆ. ಅಲ್ಲಿಂದ ಸಸಿ ಕೀಳುವುದನ್ನು ಅನುಮತಿಸಲಾಗುವುದಿಲ್ಲ. ಕಾಂಡ್ಲಾ ಬೆಳೆಯುವುದೂ ಬಹಳ ನಿಧಾನ. ನೀರು ಶುದ್ಧೀಕರಿಸುವ ಕೆಲಸದಲ್ಲಿ ಒಂದು ಹಿಡಿ ಕೀಟೊಮಾರ್ಫಾಕ್ಕೆ ಅದು ಸಮನಾಗದು.

ಪಾಚಿಯ ಮೇಲೆ ಎಲ್‌ಇಡಿ ದೀಪವನ್ನು ರಾತ್ರಿ ಹೊತ್ತು, ಅಂದರೆ ಮೇಲಿನ ತೊಟ್ಟಿಯ ದೀಪ ಆರಿದ ನಂತರ ಉರಿಸಬೇಕು. ಕತ್ತಲೆಯಲ್ಲಿ ಜೀವಿಗಳ ಉಸಿರಾಟದಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಪಿ.ಹೆಚ್. ಇಳಿಯುತ್ತದೆ. ಆಗ ಬೆಳಕಿನಲ್ಲಿರುವ ಪಾಚಿಯು ಅದನ್ನು ಹೀರಿಕೊಂಡು ಏರುಪೇರನ್ನು ತಗ್ಗಿಸುತ್ತದೆ. ಎರಡು ವಾರಗಳಿಗೊಮ್ಮೆ ಮೂರನೇ ಒಂದು ಭಾಗದಷ್ಟು ಪಾಚಿಯನ್ನು ಕೊಯ್ದು ತೆಗೆಯತಕ್ಕದ್ದು.

ಶಾಖ ಮತ್ತು ವಿದ್ಯುತ್

ಹವಳವು ತಾನಿರುವ ಕಡಲಿನ ಬೇಸಿಗೆಯ ಗರಿಷ್ಠ ಉಷ್ಣತೆಗಿಂತ ಒಂದು ಡಿಗ್ರಿಯಷ್ಟು ಹೆಚ್ಚಿನ ಶಾಖ ಕೆಲವು ವಾರ ಮುಂದುವರಿದರೂ ಬಿಳುಚಿಕೊಳ್ಳುತ್ತದೆ. 1998, 2010, 2016 ಹಾಗೂ 2024ನೇ ಸಾಲುಗಳಲ್ಲಿ ಲಕ್ಷದ್ವೀಪದ ಹವಳಗಳು ಹೀಗೆ ಬಿಳುಚಿದವು. ಏಪ್ರಿಲ್, ಮೇ ತಿಂಗಳುಗಳಲ್ಲಿ ಕುಂದಾಪುರದ ಮನೆಯೊಳಗಿನ ತೊಟ್ಟಿಯಲ್ಲಿ ಹವಳಕ್ಕೆ ಬೇಕಾದ 26 ಡಿಗ್ರಿಯನ್ನು ಕಾಯ್ದುಕೊಳ್ಳಲು ಚಿಲ್ಲರ್ ಯಂತ್ರ ಹಗಲಿರುಳು ಓಡಬೇಕು. ನೀರಿನ ಮೇಲೆ ಫ್ಯಾನ್ ಬೀಸಿ ತಂಪುಗೊಳಿಸುವ ವಿಧಾನವು ಒಣಹವೆಯ ಬಯಲುಸೀಮೆಯಲ್ಲಿ ಫಲ ಕೊಡುವಷ್ಟು ಕರಾವಳಿಯ ತೇವದ ಗಾಳಿಯಲ್ಲಿ ಕೊಡುವುದಿಲ್ಲ. ಕ್ಲೌನ್ ಮೀನಿನಂತಹ ಮೀನುಗಳು 28ರಿಂದ 29 ಡಿಗ್ರಿಯನ್ನು ತಾಳಿಕೊಳ್ಳುವುದರಿಂದ ಹವಳರಹಿತ ತೊಟ್ಟಿಗೆ ಫ್ಯಾನ್ ಹಾಗೂ ಗಾಳಿಯಾಡುವ ಕೋಣೆ ಸಾಮಾನ್ಯವಾಗಿ ಸಾಕಾಗುತ್ತದೆ.

ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾದಲ್ಲಿ ಮೆಸ್ಕಾಂ ಸಿಬ್ಬಂದಿ ದುರಸ್ತಿಗೊಳಿಸುವವರೆಗೆ ಹಲವು ಗಂಟೆಗಳು ಹಿಡಿಯುತ್ತವೆ. ನೀರಿನ ಚಲನೆ ನಿಂತರೆ ಮೊದಲು ಕಡಿಮೆಯಾಗುವುದು ಆಮ್ಲಜನಕ. ಬ್ಯಾಟರಿಯಿಂದ ತಾನಾಗಿ ಚಾಲನೆಗೊಳ್ಳುವ ಗಾಳಿಯಂತ್ರವೊಂದನ್ನು ಪ್ರತಿ ತೊಟ್ಟಿಗೂ ಅಳವಡಿಸುವುದು ಅವಶ್ಯ. ಇದು ದುಬಾರಿಯಲ್ಲ, ಆದರೆ ಅನೇಕರು ಖರೀದಿಸುವುದು ಒಮ್ಮೆ ಮೀನು ಸತ್ತ ನಂತರ. ತೊಟ್ಟಿಗೆ ಸಂಬಂಧಿಸಿದ ಎಲ್ಲ ವಿದ್ಯುತ್ ಸಂಪರ್ಕಗಳನ್ನು 30 ಮಿಲಿಆಂಪಿಯರ್ ಆರ್‌ಸಿಸಿಬಿ ಮೂಲಕವೇ ನೀಡತಕ್ಕದ್ದು. ತಂತಿಗಳು ಪ್ಲಗ್‌ಗಿಂತ ಕೆಳಗೆ ಒಮ್ಮೆ ಬಾಗಿ ಮೇಲೇರುವಂತಿದ್ದಲ್ಲಿ ಜಾರಿಬಂದ ಹನಿಯು ಪ್ಲಗ್‌ಗೆ ತಲುಪುವುದಿಲ್ಲ.

ಮೀನುಗಳ ಆಯ್ಕೆ

ಕಡಲಿನಿಂದ ಹಿಡಿದ ಮೀನಿಗಿಂತ ಮರಿ ಉತ್ಪಾದನಾ ಕೇಂದ್ರದಲ್ಲಿ ಹುಟ್ಟಿದ ಮೀನನ್ನೇ ಆಯ್ಕೆ ಮಾಡುವುದು ಸೂಕ್ತ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ತನ್ನ ಮಂಡಪಂ ಮತ್ತು ವಿಳಿಂಜಂ ಕೇಂದ್ರಗಳಲ್ಲಿ ಕ್ಲೌನ್ ಹಾಗೂ ಡ್ಯಾಮ್ಸೆಲ್ ಮೀನುಗಳ ಮರಿ ಉತ್ಪಾದನಾ ತಂತ್ರಜ್ಞಾನವನ್ನು ಅಭಿವೃದ್ಧಿಪಡಿಸಿದೆ. ತಮಿಳುನಾಡಿನ ಪರಂಗಿಪೇಟೆಯಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯವೂ ಈ ಕಾರ್ಯ ಕೈಗೊಂಡಿದೆ. ಸಂಶೋಧನಾ ಸಂಸ್ಥೆಯ ಕೇಂದ್ರಗಳು ಮಂಗಳೂರು ಮತ್ತು ಕಾರವಾರದಲ್ಲಿಯೂ ಇದ್ದು, ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದಲ್ಲಿಯೂ ತಾಂತ್ರಿಕ ಸಲಹೆಯನ್ನು ಕೋರಬಹುದು. ಖರೀದಿಯ ಸಂದರ್ಭದಲ್ಲಿ ಮೀನಿನ ಹೆಸರು ಮತ್ತು ಮೂಲವನ್ನು ನಮೂದಿಸಿದ ರಶೀದಿಯನ್ನು ಪಡೆದು ಇಟ್ಟುಕೊಳ್ಳಬೇಕು.

ಎಲ್ಲ ಕ್ಲೌನ್ ಮೀನುಗಳೂ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಜೊತೆಯಲ್ಲಿ ದೊಡ್ಡದಾದದ್ದು ಹೆಣ್ಣಾಗುತ್ತದೆ. ಆದ್ದರಿಂದ ಗಾತ್ರದಲ್ಲಿ ಅಂತರವಿರುವ ಎರಡು ಮರಿಗಳನ್ನು ತಂದರೆ ಜೋಡಿಯಾಗುತ್ತವೆ. ಕಡಲ ಹೂವು, ಅಂದರೆ ಸೀ ಅನಿಮೋನ್ ಇಲ್ಲದೆಯೂ ಅವು ಆರೋಗ್ಯವಾಗಿ ಬದುಕುತ್ತವೆ. ಮೇಲೆ ಹೇಳಿದ ಅಳತೆಯ ತೊಟ್ಟಿಗೆ ಒಂದು ಜೋಡಿ ಕ್ಲೌನ್ ಹಾಗೂ ಎರಡು ಮೂರು ಸಣ್ಣ ಶಾಂತ ಸ್ವಭಾವದ ಮೀನುಗಳು ಸಾಕು. ಹೊಸ ಮೀನನ್ನು 4 ವಾರಗಳ ಕಾಲ ಪ್ರತ್ಯೇಕ ತೊಟ್ಟಿಯಲ್ಲಿಟ್ಟು ಬಿಳಿ ಚುಕ್ಕೆ ರೋಗವಿಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಸೇರಿಸಬೇಕು. ತಾಮ್ರಯುಕ್ತ ಔಷಧಿಯನ್ನು ಆ ಪ್ರತ್ಯೇಕ ತೊಟ್ಟಿಯಲ್ಲಿ ಮಾತ್ರ ಬಳಸಬಹುದು.

ಪಾಚಿ, ನೀರು ಮತ್ತು ಮೀನಿನ ವಿಲೇವಾರಿ

1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಮುಂದಿನ ಕಡಲಿನಲ್ಲಿ ಕಾಲರ್ಪಾ ಟ್ಯಾಕ್ಸಿಫೋಲಿಯಾ ಎಂಬ ಅಕ್ವೇರಿಯಂ ಪಾಚಿಯ ಸಣ್ಣ ತೇಪೆಯೊಂದು ಕಾಣಿಸಿಕೊಂಡಿತು. ಅದು ಮುಂದೆ ಮೆಡಿಟರೇನಿಯನ್ ತೀರದ ಸಾವಿರಾರು ಹೆಕ್ಟೇರ್ ಪ್ರದೇಶಕ್ಕೆ ಹಬ್ಬಿತು. 2000ರಲ್ಲಿ ಅದೇ ಪಾಚಿ ಕ್ಯಾಲಿಫೋರ್ನಿಯಾದ ಹಿನ್ನೀರಿನಲ್ಲಿ ಕಂಡುಬಂದು, ಅದನ್ನು ನಿರ್ಮೂಲಗೊಳಿಸಲು ಆರು ವರ್ಷ ಹಿಡಿಯಿತು. ನಮ್ಮ ದೇಶದಲ್ಲಿಯೂ ಕೃಷಿಗಾಗಿ ತಂದ ಕಪ್ಪಾಫೈಕಸ್ ಪಾಚಿಯು ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳಗಳ ಮೇಲೆ ಹರಡಿರುವುದು 2008ರಲ್ಲಿ ವರದಿಯಾಗಿದೆ. ಕೊಯ್ದ ಪಾಚಿಯನ್ನು ಹೊಳೆ, ಕಡಲು ಅಥವಾ ಚರಂಡಿಗೆ ಎಸೆಯಬಾರದು. ಸಿಹಿನೀರಿನಲ್ಲಿ ನೆನೆಸಿ ತೊಳೆದು, ಬಿಸಿಲಿನಲ್ಲಿ ಪೂರ್ಣವಾಗಿ ಒಣಗಿಸಿ ತೆಂಗಿನ ಬುಡಕ್ಕೆ ಹಾಕಬಹುದು. ಸಾಕಲು ಬೇಡವಾದ ಮೀನನ್ನೂ ಕಡಲಿಗೆ ಬಿಡಬಾರದು. ಹತ್ತಿರದ ಸಾಕಣೆದಾರರಿಗೆ ಹಸ್ತಾಂತರಿಸಬೇಕು. ಬದಲಿಸಿದ ಉಪ್ಪುನೀರನ್ನು ಬಾವಿಯ ಬಳಿ ಅಥವಾ ಗದ್ದೆಗೆ ಸುರಿಯಬಾರದು.

ಸಹಾಯಧನ ಮತ್ತು ಅರ್ಜಿ

ಹವ್ಯಾಸಕ್ಕಾಗಿ ಮನೆಯಲ್ಲಿಡುವ ಅಕ್ವೇರಿಯಂಗೆ ಸಹಾಯಧನವಿರುವುದಿಲ್ಲ. ಜೀವನೋಪಾಯಕ್ಕಾಗಿ ಅಲಂಕಾರಿಕ ಮೀನು ಸಾಕಣೆ ಕೈಗೊಳ್ಳುವವರಿಗೆ 2020ರಲ್ಲಿ ಆರಂಭಗೊಂಡ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಘಟಕ ವೆಚ್ಚಗಳನ್ನು ನಿಗದಿಪಡಿಸಲಾಗಿತ್ತು. ಹಿತ್ತಲಿನ ಸಾಕಣೆ ಘಟಕಕ್ಕೆ ರೂ. 3 ಲಕ್ಷ, ಮಧ್ಯಮ ಗಾತ್ರದ ಘಟಕಕ್ಕೆ ರೂ. 8 ಲಕ್ಷ, ಸಮುದ್ರ ಮೀನಿನ ಮರಿ ಉತ್ಪಾದನೆ ಮತ್ತು ಸಾಕಣೆಯ ಸಮಗ್ರ ಘಟಕಕ್ಕೆ ರೂ. 30 ಲಕ್ಷ ವೆಚ್ಚ ನಿಗದಿಯಾಗಿದ್ದು, ಸಾಮಾನ್ಯ ವರ್ಗದವರಿಗೆ ಶೇಕಡಾ 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರಿಗೆ ಶೇಕಡಾ 60ರಷ್ಟು ಸಹಾಯಧನಕ್ಕೆ ಅವಕಾಶ ಕಲ್ಪಿಸಲಾಗಿತ್ತು. ಅರ್ಜಿ ಸಲ್ಲಿಸುವ ವರ್ಷದಲ್ಲಿ ಅನುದಾನದ ಲಭ್ಯತೆ ಹಾಗೂ ಅನ್ವಯವಾಗುವ ಯೋಜನೆಯನ್ನು ಆಯಾ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ದೃಢಪಡಿಸಿಕೊಂಡ ನಂತರವೇ ಸಾಲ ಮಾಡುವುದಾಗಲಿ ಕಟ್ಟಡ ಆರಂಭಿಸುವುದಾಗಲಿ ಮಾಡಬೇಕು.

ಕಡಲಿನಿಂದ ಕೊಳವೆ ಹಾಕಿ ನೀರೆತ್ತುವ ಅಥವಾ ಉಬ್ಬರದ ಗೆರೆಯ ಸಮೀಪ ಕಟ್ಟಡ ಕಟ್ಟುವ ಉದ್ದೇಶವಿದ್ದಲ್ಲಿ ಕರಾವಳಿ ನಿಯಂತ್ರಣ ವಲಯದ ಅನುಮತಿಯ ಕುರಿತು ಉಡುಪಿಯಲ್ಲಿರುವ ಪ್ರಾದೇಶಿಕ ನಿರ್ದೇಶಕರು (ಪರಿಸರ) ಇವರ ಕಚೇರಿಯನ್ನು ಮುಂಚಿತವಾಗಿ ಸಂಪರ್ಕಿಸತಕ್ಕದ್ದು. ಅರ್ಜಿಯೊಂದಿಗೆ ಸಾಮಾನ್ಯವಾಗಿ ಗುರುತಿನ ದಾಖಲೆ, ಜಾಗದ ಹಕ್ಕು ಪತ್ರ ಅಥವಾ ಗುತ್ತಿಗೆ ಕರಾರು, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ಮೀಸಲಾತಿ ಕೋರುವವರು ಜಾತಿ ಪ್ರಮಾಣಪತ್ರ ಹಾಗೂ ಘಟಕದ ಯೋಜನಾ ವರದಿಯನ್ನು ಲಗತ್ತಿಸಬೇಕಾಗುತ್ತದೆ. ಯೋಜನಾ ವರದಿಯಲ್ಲಿ ಸಾಕಲು ಉದ್ದೇಶಿಸಿರುವ ಪ್ರತಿಯೊಂದು ಜೀವಿಯ ಹೆಸರು ಮತ್ತು ಅದನ್ನು ತರುವ ಮೂಲವನ್ನು ಸ್ಪಷ್ಟವಾಗಿ ಬರೆಯುವುದು.